ಡಯಲ್‌ಗೆ ಕೈ ಹಾಕುವ ಮುನ್ನ: ಕಾರ್ಖಾನೆ ಬ್ರೇಕರ್‌ಗೆ ಟ್ರಿಪ್ ಯೂನಿಟ್ ಕೂರಿಸುವುದು, ಹೊಂದಿಸುವುದು

ಕರೆಂಟ್ ಎಷ್ಟು ಹರಿಯುತ್ತಿದೆ, ಎಷ್ಟು ಹೊತ್ತು ತಾಳಬಹುದು, ಯಾವ ಕ್ಷಣದಲ್ಲಿ ಕಡಿಯಬೇಕು ಎಂದು ತೀರ್ಮಾನಿಸುವುದು ಬ್ರೇಕರ್‌ನೊಳಗಿನ ಟ್ರಿಪ್ ಯೂನಿಟ್. ಉಳಿದ ಭಾಗವೆಲ್ಲ ಅದರ ಮಾತು ಕೇಳುವ ಯಂತ್ರ. ಹಾಗಾಗಿ 1000 ಆಂಪಿಯರ್‌ನ ದುಬಾರಿ ಎಸಿಬಿ (ಏರ್ ಸರ್ಕ್ಯೂಟ್ ಬ್ರೇಕರ್) ಹಾಕಿಸಿ, ಅದರ ಡಯಲ್‌ಗಳನ್ನು ಪೆಟ್ಟಿಗೆಯಿಂದ ಬಂದ ಸ್ಥಾನದಲ್ಲೇ ಬಿಟ್ಟರೆ ರಕ್ಷಣೆಗೆ ಕೊಟ್ಟ ದುಡ್ಡಿನ ಬಹುಭಾಗ ಬಳಕೆಗೇ ಬರಲಿಲ್ಲ ಎಂದರ್ಥ. ಇದಕ್ಕಿಂತ ಕೆಟ್ಟದ್ದು, ಪದೇ ಪದೇ ಟ್ರಿಪ್ ಆಗುತ್ತದೆಂದು ಡಯಲ್‌ಗಳನ್ನೆಲ್ಲ ಗರಿಷ್ಠಕ್ಕೆ ತಿರುಗಿಸಿಡುವುದು. ಆಗ ಬ್ರೇಕರ್ ಬರೀ ಸ್ವಿಚ್ ಆಗುತ್ತದೆ, ಕೇಬಲ್ ಫ್ಯೂಸ್ ಆಗುತ್ತದೆ.

415 ವೋಲ್ಟ್ ಪ್ಯಾನೆಲ್‌ಗಳ ಎಂಸಿಸಿಬಿ (ಮೋಲ್ಡೆಡ್ ಕೇಸ್ ಸರ್ಕ್ಯೂಟ್ ಬ್ರೇಕರ್) ಮತ್ತು ಎಸಿಬಿಗಳಿಗೆ ಟ್ರಿಪ್ ಯೂನಿಟ್ ಹಾಕುವ, ಹೊಂದಿಸುವ, ಪರೀಕ್ಷಿಸುವ ಕ್ರಮ ಇಲ್ಲಿದೆ. ಸೂಕ್ತ ಪರವಾನಗಿ ಇರುವ ಎಲೆಕ್ಟ್ರಿಷಿಯನ್, ಅವರ ಮೇಲೊಬ್ಬ ಸೂಪರ್‌ವೈಸರ್, ಕೈಯಲ್ಲಿ ಆಯಾ ಮಾದರಿಯ ತಯಾರಕರ ಕೈಪಿಡಿ, ಈ ಮೂರೂ ಇದ್ದರೆ ಮಾತ್ರ ಕೆಲಸಕ್ಕೆ ಇಳಿಯಿರಿ.

ಅಕ್ಷರಗಳ ಅರ್ಥ

ಚಿಕ್ಕ ಎಂಸಿಸಿಬಿಗಳಲ್ಲಿ ಥರ್ಮಲ್-ಮ್ಯಾಗ್ನೆಟಿಕ್ ಯೂನಿಟ್ ಇರುತ್ತದೆ. ಓವರ್‌ಲೋಡ್ ಆದಾಗ ಬೈಮೆಟಲ್ ಪಟ್ಟಿ ಬಿಸಿಯಾಗಿ ಬಾಗಿ ಟ್ರಿಪ್ ಮಾಡುತ್ತದೆ, ಶಾರ್ಟ್ ಸರ್ಕ್ಯೂಟ್‌ನಲ್ಲಿ ಅಯಸ್ಕಾಂತ ಎಳೆದು ಟ್ರಿಪ್ ಮಾಡುತ್ತದೆ. ದೊಡ್ಡ ಎಂಸಿಸಿಬಿ ಮತ್ತು ಎಸಿಬಿಗಳದು ಎಲೆಕ್ಟ್ರಾನಿಕ್ ಯೂನಿಟ್. ಅದರ ಮುಖದ ಮೇಲೆ ಸಾಮಾನ್ಯವಾಗಿ ನಾಲ್ಕು ರಕ್ಷಣೆಗಳ ಡಯಲ್‌ಗಳು ಇರುತ್ತವೆ: ಎಲ್, ಎಸ್, ಐ, ಜಿ.

ಎಲ್ ಎಂದರೆ ಲಾಂಗ್ ಟೈಮ್, ಓವರ್‌ಲೋಡ್ ರಕ್ಷಣೆ. ಇದರ ಕರೆಂಟ್ ಐಆರ್, ಸಮಯ ಟಿಆರ್. ಎಸ್ ಎಂದರೆ ಶಾರ್ಟ್ ಟೈಮ್, ಅಂದರೆ ಸ್ವಲ್ಪ ಕಾದು ಕಡಿಯುವ ಶಾರ್ಟ್ ಸರ್ಕ್ಯೂಟ್ ರಕ್ಷಣೆ. ಇದರದು ಐಎಸ್‌ಡಿ ಮತ್ತು ಟಿಎಸ್‌ಡಿ. ಐ ಎಂದರೆ ಕಾಯದೆ ತಕ್ಷಣ ಕಡಿಯುವುದು, ಡಯಲ್ ಮೇಲೆ ಐಐ. ಜಿ ಎಂದರೆ ಅರ್ತ್ ಫಾಲ್ಟ್, ಐಜಿ ಮತ್ತು ಟಿಜಿ.

ಇಲ್ಲಿ ಬಹಳ ಮಂದಿ ಎಡವುವುದು ಗುಣಾಕಾರದಲ್ಲಿ. ಹೆಚ್ಚಿನ ಮಾದರಿಗಳಲ್ಲಿ ಐಆರ್ ಅನ್ನು ಬ್ರೇಕರ್‌ನ ರೇಟಿಂಗ್‌ನಿಂದ, ಅಂದರೆ ಐಎನ್‌ನಿಂದ ಗುಣಿಸಬೇಕು. ಐಎಸ್‌ಡಿಯನ್ನು ಗುಣಿಸಬೇಕಾದ್ದು ಐಆರ್‌ನಿಂದ. ಐಐ ಮತ್ತೆ ಐಎನ್‌ನ ಪಟ್ಟು. ಹೀಗಾಗಿ ಐಆರ್ ಡಯಲನ್ನು ಒಂದು ಮೆಟ್ಟಿಲು ತಿರುಗಿಸಿದರೆ ಐಎಸ್‌ಡಿ ಡಯಲ್ ಮುಟ್ಟದಿದ್ದರೂ ಅದರ ಆಂಪಿಯರ್ ಬದಲಾಗಿರುತ್ತದೆ. ಎಲ್ಲ ಕಂಪನಿಗಳದೂ ಒಂದೇ ರೀತಿಯಲ್ಲ, ಡಯಲ್ ಪಕ್ಕದಲ್ಲಿ ಏನು ಅಚ್ಚಾಗಿದೆ ಎಂದು ಪ್ರತಿ ಬಾರಿಯೂ ಓದಿ. ದಾಖಲೆಯಲ್ಲಿ ಪಟ್ಟು ಮತ್ತು ಆಂಪಿಯರ್ ಎರಡನ್ನೂ ಬರೆಯಿರಿ.

ಲೆಕ್ಕ ಕಾಗದದ ಮೇಲೆ ಮುಗಿಯಲಿ

ಒಂದು ಉದಾಹರಣೆ ಹಿಡಿದು ಮಾಡೋಣ. 630 ಕೆವಿಎ, 11 ಕೆವಿ/433 ವೋಲ್ಟ್ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ ಶೇ. 5. ಇನ್‌ಕಮರ್, ಅಂದರೆ ಪ್ಯಾನೆಲ್‌ಗೆ ಕರೆಂಟ್ ತರುವ ಮುಖ್ಯ ಬ್ರೇಕರ್, 1000 ಆಂಪಿಯರ್ ಎಸಿಬಿ. ಅದರ ಕೆಳಗೆ ಒಂದು ವರ್ಕ್‌ಶಾಪ್‌ಗೆ ಹೋಗುವ 250 ಆಂಪಿಯರ್ ಎಲೆಕ್ಟ್ರಾನಿಕ್ ಎಂಸಿಸಿಬಿ ಫೀಡರ್.

ಟ್ರಾನ್ಸ್‌ಫಾರ್ಮರ್‌ನ ಪೂರ್ಣ ಲೋಡ್ ಕರೆಂಟ್: 6,30,000 ಅನ್ನು 1.732 × 433 ರಿಂದ ಭಾಗಿಸಿದರೆ ಸುಮಾರು 840 ಆಂಪಿಯರ್. ಸೆಕೆಂಡರಿಯ ತುದಿಯಲ್ಲೇ ಮೂರೂ ಫೇಸ್ ಶಾರ್ಟ್ ಆದರೆ 840 ಭಾಗಿಸು 0.05, ಅಂದರೆ ಸುಮಾರು 16,800 ಆಂಪಿಯರ್. ಪ್ಯಾನೆಲ್‌ನಲ್ಲಿರುವ ಪ್ರತಿ ಬ್ರೇಕರ್‌ನ ಬ್ರೇಕಿಂಗ್ ಕೆಪಾಸಿಟಿ (ಅದು ಕಡಿಯಬಲ್ಲ ಗರಿಷ್ಠ ಫಾಲ್ಟ್ ಕರೆಂಟ್) ಇದಕ್ಕಿಂತ ಹೆಚ್ಚಿರಬೇಕು. 10 ಕಿಲೋಆಂಪಿಯರ್‌ನ ಹಳೆಯ ಎಂಸಿಸಿಬಿ ಎಲ್ಲಾದರೂ ಉಳಿದಿದ್ದರೆ ಸೆಟ್ಟಿಂಗ್ ಮಾತು ಆಮೇಲೆ, ಮೊದಲು ಅದನ್ನು ಬದಲಿಸಿ. ದೊಡ್ಡ ಮೋಟಾರ್‌ಗಳೂ ಮೊದಲ ಕೆಲವು ಸೈಕಲ್ ಫಾಲ್ಟ್‌ಗೆ ಕರೆಂಟ್ ತುಂಬುತ್ತವೆ ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಫೀಡರ್‌ನಿಂದ ಶುರು ಮಾಡಿ. ಸೆಟ್ಟಿಂಗ್ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಹೋಗಬೇಕು. ವರ್ಕ್‌ಶಾಪ್‌ನ ಲೋಡ್ 180 ಆಂಪಿಯರ್. ಟ್ರೇಯಲ್ಲಿ ಗುಂಪಾಗಿ ಹೋಗುವುದು, ಸುತ್ತಲಿನ ಬಿಸಿ ಎಲ್ಲ ಕಳೆದ ಮೇಲೆ ಕೇಬಲ್ ತಾಳುವುದು 210 ಆಂಪಿಯರ್ ಎಂದಿರಲಿ. ಐಆರ್ ಈ ಎರಡರ ನಡುವೆ ಬೀಳಬೇಕು: 0.8 × 250 = 200 ಆಂಪಿಯರ್. ಬ್ರೇಕರ್ 250ರದ್ದು ಎಂದು ಡಯಲನ್ನು 1ರಲ್ಲಿ ಬಿಟ್ಟರೆ 240 ಆಂಪಿಯರ್ ದಿನಗಟ್ಟಲೆ ಹರಿದರೂ ಬ್ರೇಕರ್ ಸುಮ್ಮನಿರುತ್ತದೆ, ಕೇಬಲ್‌ನ ಇನ್ಸುಲೇಷನ್ ಒಳಗೊಳಗೇ ಬೇಯುತ್ತದೆ.

ಐಎಸ್‌ಡಿಗೆ ಎರಡು ಮಿತಿ. ಮೋಟಾರ್ ಸ್ಟಾರ್ಟ್ ಆದಾಗ ಟ್ರಿಪ್ ಆಗಬಾರದು, ಕೇಬಲ್‌ನ ಕೊನೆಯಲ್ಲಿ ಆಗುವ ಅತಿ ಕಡಿಮೆ ಫಾಲ್ಟ್‌ಗೂ ಟ್ರಿಪ್ ಆಗಲೇಬೇಕು. ಅಲ್ಲಿರುವ ದೊಡ್ಡ ಮೋಟಾರ್ 45 ಕಿಲೋವ್ಯಾಟ್, ಸುಮಾರು 80 ಆಂಪಿಯರ್. ನೇರ ಸ್ಟಾರ್ಟ್ ಆದರೆ ಏಳು ಪಟ್ಟು, 560. ಉಳಿದ ಲೋಡ್ 100 ಸೇರಿಸಿ 660. ಐಎಸ್‌ಡಿ 5ಕ್ಕೆ ಇಟ್ಟರೆ 5 × 200 = 1000 ಆಂಪಿಯರ್. ಶಾರ್ಟ್ ಟೈಮ್ ರಕ್ಷಣೆಗೆ ಶೇ. 10ರ ಹೆಚ್ಚುಕಡಿಮೆ ಸಹಜ, ಅಂದರೆ 900ರಿಂದ 1100ರ ನಡುವೆ ಎಲ್ಲಾದರೂ ಟ್ರಿಪ್ ಆದೀತು. 660ಕ್ಕಿಂತ ಸಾಕಷ್ಟು ಮೇಲಿದೆ. ಕೇಬಲ್ ಕೊನೆಯ ಕನಿಷ್ಠ ಫಾಲ್ಟ್ 1800 ಆಂಪಿಯರ್ ಎಂದು ಲೆಕ್ಕ ಬಂದಿದ್ದರೆ 1100 ಅದಕ್ಕಿಂತ ಕೆಳಗಿದೆ. ಎರಡೂ ಕಡೆ ಹೊಂದಿತು. ಕೇಬಲ್ ತೀರಾ ಉದ್ದವಾಗಿ ಕೊನೆಯ ಫಾಲ್ಟ್ 700ಕ್ಕೆ ಇಳಿದಿದ್ದರೆ ಯಾವ ಡಯಲ್‌ನಿಂದಲೂ ಇದು ಬಗೆಹರಿಯದು. ಸ್ಟಾರ್ಟರ್ ಬದಲಿಸಬೇಕು, ಇಲ್ಲವೇ ದಪ್ಪ ಕೇಬಲ್ ಎಳೆಯಬೇಕು, ಇಲ್ಲವೇ ನಡುವೆ ಇನ್ನೊಂದು ಬ್ರೇಕರ್ ಬೇಕು.

ಟಿಎಸ್‌ಡಿ 0.1 ಸೆಕೆಂಡ್. ಐಐ 10 × 250 = 2500 ಆಂಪಿಯರ್. ಇಂದಿನ ಹೆಚ್ಚು ದಕ್ಷತೆಯ ಐಇ3 ಮೋಟಾರ್‌ಗಳಲ್ಲಿ ಸ್ವಿಚ್ ಹಾಕಿದ ಮೊದಲ ಅರ್ಧ ಸೈಕಲ್‌ನ ಶಿಖರ ಹತ್ತು ಪಟ್ಟನ್ನೂ ಮೀರಬಹುದು. ಐಐ ಬಹಳ ಕೆಳಗಿಟ್ಟರೆ ಮೋಟಾರ್ ತಿರುಗುವ ಮೊದಲೇ ಟ್ರಿಪ್ ಆಗುವುದು ಅದಕ್ಕೇ.

ಈಗ ಇನ್‌ಕಮರ್. ಐಆರ್ 0.8 × 1000 = 800, ಟ್ರಾನ್ಸ್‌ಫಾರ್ಮರ್‌ನ 840ರ ಒಳಗೆ. ಐಎಸ್‌ಡಿ 4 × 800 = 3200. ಟಿಎಸ್‌ಡಿ 0.3 ಸೆಕೆಂಡ್. ಕೆಳಗಿನ ಫೀಡರ್ 0.1ರಲ್ಲಿ ಕಡಿದು ಮುಗಿಸಲಿ, ಮೇಲಿನದು ಕಾಯಲಿ. ಐಐ ಆಫ್. ಆಫ್ ಮಾಡಲು ಆಗದ ಮಾದರಿಯಲ್ಲಿ 15 × 1000 = 15,000 ಇಡಬೇಕಾಗುತ್ತದೆ. ಆಗ ಪ್ಯಾನೆಲ್ ಬುಡದಲ್ಲೇ 16,800ರ ಫಾಲ್ಟ್ ಆದರೆ ಇನ್‌ಕಮರ್ ಕೂಡ ಒಟ್ಟಿಗೆ ಹಾರಿ ಕಾರ್ಖಾನೆಯೆಲ್ಲ ಕತ್ತಲಾಗುವ ಸಾಧ್ಯತೆ ಉಂಟು. ತಯಾರಕರ ಸೆಲೆಕ್ಟಿವಿಟಿ (ಫಾಲ್ಟ್‌ಗೆ ಹತ್ತಿರದ ಬ್ರೇಕರ್ ಮಾತ್ರ ಹಾರುವುದು) ಕೋಷ್ಟಕ ನೋಡಿದರೆ ನಿಮ್ಮ ಜೋಡಿಗೆ ಏನಾಗುತ್ತದೆಂದು ತಿಳಿಯುತ್ತದೆ. ಐಐ ಆಫ್ ಮಾಡುವ ಮುನ್ನ ಎಸಿಬಿಯ ಐಸಿಡಬ್ಲ್ಯು ರೇಟಿಂಗ್ (ಕಡಿಯದೆ ಸ್ವಲ್ಪ ಹೊತ್ತು ತಾಳಬಲ್ಲ ಫಾಲ್ಟ್ ಕರೆಂಟ್) ಮತ್ತು ಬಸ್‌ಬಾರ್ ಆ 0.3 ಸೆಕೆಂಡ್ ತಾಳುತ್ತವೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಈ ಕಾಯುವಿಕೆಗೆ ಒಂದು ಬೆಲೆ ಇದೆ. 415 ವೋಲ್ಟ್‌ನಲ್ಲಿ ಆರ್ಕ್ ಹೊತ್ತಿಕೊಂಡರೆ ಅದರ ಕರೆಂಟ್ ಗಟ್ಟಿ ಶಾರ್ಟ್‌ನ ಕರೆಂಟ್‌ಗಿಂತ ಎಷ್ಟೋ ಕಡಿಮೆ ಇರುತ್ತದೆ, ಆದರೆ ಮುಂದೆ ನಿಂತವರನ್ನು ಸುಡುವುದು ಅದು ಉರಿಯುವ ಸಮಯ. ನಿಮ್ಮ ಯೂನಿಟ್‌ನಲ್ಲಿ ಮೇಂಟೆನೆನ್ಸ್ ಮೋಡ್ (ಕಾಯದೆ ಕಡಿಯುವಂತೆ ಮಾಡುವ ಸ್ಥಿತಿ) ಇದ್ದರೆ ಪ್ಯಾನೆಲ್ ಹತ್ತಿರ ಕೆಲಸ ಮಾಡುವಷ್ಟು ಹೊತ್ತು ಅದನ್ನು ಆನ್ ಮಾಡಿ. ಸೆಲೆಕ್ಟಿವಿಟಿ ಅಷ್ಟು ಹೊತ್ತು ಹೋಗಲಿ, ಜನ ಉಳಿಯಬೇಕು.

ಅರ್ತ್ ಫಾಲ್ಟ್: ಫೀಡರ್‌ಗೆ 0.2 × 250 = 50 ಆಂಪಿಯರ್, 0.1 ಸೆಕೆಂಡ್. ಇನ್‌ಕಮರ್‌ಗೆ 0.3 × 1000 = 300 ಆಂಪಿಯರ್, 0.4 ಸೆಕೆಂಡ್. ಇಲ್ಲಿ ನೋಡಬೇಕಾದ್ದು, ಜಿ ರಕ್ಷಣೆಯೇ ಇಲ್ಲದ ಇನ್ನೊಂದು ಫೀಡರ್‌ನಲ್ಲಿ 400 ಆಂಪಿಯರ್ ಅರ್ತ್ ಫಾಲ್ಟ್ ಆದರೆ ಮೊದಲು ಹಾರುವುದು ಇನ್‌ಕಮರ್.

ನ್ಯೂಟ್ರಲ್ ಡಯಲ್ ಕೂಡ ಮರೆಯಬೇಡಿ. ನಮ್ಮಲ್ಲಿ ಎಲ್ಲೆಡೆ ಎಳೆಯುವುದು ಮೂರೂವರೆ ಕೋರ್ ಕೇಬಲ್, ಅದರ ನ್ಯೂಟ್ರಲ್ ಫೇಸ್‌ನ ಅರ್ಧದಷ್ಟು. ನಾಲ್ಕು ಪೋಲ್ ಬ್ರೇಕರ್‌ನಲ್ಲಿ ನ್ಯೂಟ್ರಲ್ ರಕ್ಷಣೆ 1ಕ್ಕೆ ಇದ್ದರೆ ಆ ಅರ್ಧ ಕೋರ್‌ಗೆ ಕಾವಲೇ ಇಲ್ಲ. 0.5ಕ್ಕೆ ಇಡಿ. ಕಂಪ್ಯೂಟರ್, ಎಲ್‌ಇಡಿಗಳಂಥ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಲೋಡ್ ತುಂಬಿದ ಕಡೆ ನ್ಯೂಟ್ರಲ್ ಕರೆಂಟನ್ನು ಕ್ಲಾಂಪ್ ಮೀಟರ್‌ನಲ್ಲಿ ಅಳೆದು ನೋಡಿ, ಮೂರನೇ ಹಾರ್ಮೋನಿಕ್‌ನಿಂದ ಅದು ಊಹೆಗಿಂತ ಹೆಚ್ಚಿರುತ್ತದೆ.

ಥರ್ಮಲ್-ಮ್ಯಾಗ್ನೆಟಿಕ್ ಆಗಿದ್ದರೆ ಬಿಸಿಯ ಲೆಕ್ಕ ಬೇರೆ. ಇವನ್ನು ಸಾಮಾನ್ಯವಾಗಿ 40 ಡಿಗ್ರಿಗೆ ಹೊಂದಿಸಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ, ತಗಡಿನ ಶೆಡ್‌ನೊಳಗಿನ ಪ್ಯಾನೆಲ್ ಇನ್ನೂ ಬಿಸಿ. ಅಲ್ಲಿ 200 ಆಂಪಿಯರ್ ಎಂದು ಇಟ್ಟ ಬೈಮೆಟಲ್ 200ಕ್ಕಿಂತ ಕೆಳಗೇ ಟ್ರಿಪ್ ಆಗುತ್ತದೆ. ಕೈಪಿಡಿಯ ತಾಪಮಾನ ಕೋಷ್ಟಕ ನೋಡಿ ತಿದ್ದಿ, ಪ್ಯಾನೆಲ್‌ಗೆ ಗಾಳಿ ಆಡುವಂತೆ ಮಾಡಿ.

ಕರೆಂಟ್ ಇಲ್ಲವೆಂದು ಖಾತ್ರಿ

ಪರ್ಮಿಟ್ ಬರೆಯಿರಿ. ಮೇಲಿನ ಐಸೊಲೇಟರ್ ಅಥವಾ ಬ್ರೇಕರ್ ಆಫ್ ಮಾಡಿ ಬೀಗ ಹಾಕಿ, ಟ್ಯಾಗ್ ಕಟ್ಟಿ, ಬೀಗದ ಕೈ ಕೆಲಸ ಮಾಡುವವರ ಜೇಬಿನಲ್ಲೇ ಇರಲಿ. ಹಿಂದಿನಿಂದ ಬರುವ ಕರೆಂಟ್ ಹುಡುಕಿ: ಡಿಜಿ (ಡೀಸೆಲ್ ಜನರೇಟರ್) ಸೆಟ್, ಚಾವಣಿಯ ಸೋಲಾರ್, ಯುಪಿಎಸ್, ಕೆಪಾಸಿಟರ್ ಬ್ಯಾಂಕ್. ಕೆಪಾಸಿಟರ್‌ಗಳಿಗೆ ಡಿಸ್‌ಚಾರ್ಜ್ ಆಗಲು ಅವುಗಳ ಮೇಲೆ ಬರೆದಷ್ಟು ಸಮಯ ಕೊಡಿ. ಕಂಟ್ರೋಲ್ ಸಪ್ಲೈ ಬೇರೆ ಕಡೆಯಿಂದ ಬರುತ್ತಿದ್ದರೆ ಅದನ್ನೂ ತೆಗೆಯಿರಿ.

ಟೆಸ್ಟರನ್ನು ಮೊದಲು ಕರೆಂಟ್ ಇರುವಲ್ಲಿ ಹಿಡಿದು ನೋಡಿ, ಆಮೇಲೆ ನಿಮ್ಮ ಜಾಗದಲ್ಲಿ ಫೇಸ್-ಫೇಸ್, ಫೇಸ್-ನ್ಯೂಟ್ರಲ್, ಫೇಸ್-ಅರ್ತ್ ಎಲ್ಲ ಜೋಡಿಯನ್ನೂ ನೋಡಿ, ಮತ್ತೆ ಕರೆಂಟ್ ಇರುವಲ್ಲಿ ಹಿಡಿದು ಟೆಸ್ಟರ್ ಕೆಟ್ಟಿಲ್ಲವೆಂದು ತಿಳಿಯಿರಿ. ಈ ಪರೀಕ್ಷೆ ಮುಗಿಯುವವರೆಗೆ ಕರೆಂಟ್ ಇದೆ ಎಂದೇ ಭಾವಿಸಬೇಕು: 1000 ವೋಲ್ಟ್‌ನ ಕ್ಲಾಸ್ 0 ರಬ್ಬರ್ ಕೈಗವಸು, ಮೇಲೆ ಚರ್ಮದ ಕವಚ, ಮುಖಕ್ಕೆ ಆರ್ಕ್ ಶೀಲ್ಡ್, ಆರ್ಕ್ ತಾಳುವ ಉಡುಪು. ನೈಲಾನ್, ಪಾಲಿಯೆಸ್ಟರ್ ಅಂಗಿ ಕರಗಿ ಮೈಗೆ ಅಂಟುತ್ತದೆ. ಉಂಗುರ, ಕಡಗ, ಚೈನು ತೆಗೆದಿಡಿ.

ಎಸಿಬಿಗೆ ಇನ್ನೊಂದು ಅಪಾಯವಿದೆ, ಚಾರ್ಜ್ ಆಗಿರುವ ಸ್ಪ್ರಿಂಗ್. ಬೆರಳು ಮುರಿಯುವಷ್ಟು ಶಕ್ತಿ ಅದರಲ್ಲಿರುತ್ತದೆ. ಟೆಸ್ಟ್ ಸ್ಥಾನಕ್ಕೆ ಎಳೆದರೆ ಮೇನ್ ಸಂಪರ್ಕ ಬಿಟ್ಟಿರುತ್ತದೆ, ಆದರೆ ಕಂಟ್ರೋಲ್ ಸಪ್ಲೈ ಹಾಗೇ ಇರುತ್ತದೆ, ಚಾರ್ಜಿಂಗ್ ಮೋಟಾರ್ ಸ್ಪ್ರಿಂಗನ್ನು ಮತ್ತೆ ಬಿಗಿಯುತ್ತದೆ. ಹಾಗಾಗಿ ಡಿಸ್ಕನೆಕ್ಟೆಡ್ ಸ್ಥಾನದವರೆಗೆ ಪೂರ್ತಿ ಎಳೆಯಿರಿ, ಮೋಟಾರ್ ಸಪ್ಲೈ ಇಲ್ಲದಿರುವುದನ್ನು ನೋಡಿ, ಆಫ್-ಆನ್-ಆಫ್ ಒತ್ತಿ, ಮುಖದ ಮೇಲಿನ ಗುರುತು ಡಿಸ್‌ಚಾರ್ಜ್ಡ್ ಎಂದು ತೋರಿಸುವುದನ್ನು ಕಣ್ಣಾರೆ ಕಾಣಿ. ಅಂಡರ್‌ವೋಲ್ಟೇಜ್ ರಿಲೀಸ್ (ವೋಲ್ಟೇಜ್ ಇಳಿದರೆ ಟ್ರಿಪ್ ಮಾಡುವ ಕಾಯಿಲ್) ಇರುವ ಬ್ರೇಕರ್ ಸಪ್ಲೈ ಇಲ್ಲದೆ ಆನ್ ಆಗದು, ಅದಕ್ಕೆ ಕೈಪಿಡಿಯಲ್ಲಿ ಹೇಳಿದ ವಿಧಾನವನ್ನೇ ಅನುಸರಿಸಿ.

ಯೂನಿಟ್ ಕೂರಿಸುವುದು

ಎಂಸಿಸಿಬಿಯ ಟ್ರಿಪ್ ಯೂನಿಟ್ ಬದಲಿಸಬಹುದಾದ ಮಾದರಿಯೇ ಎಂದು ಮೊದಲು ನೋಡಿ. ಎಷ್ಟೋ ಚಿಕ್ಕ ಎಂಸಿಸಿಬಿಗಳನ್ನು ಕಾರ್ಖಾನೆಯಲ್ಲೇ ಮುಚ್ಚಿ ಸೀಲ್ ಮಾಡಿರುತ್ತಾರೆ, ಅವನ್ನು ಬಿಚ್ಚಬಾರದು. ಹೊಸ ಯೂನಿಟ್ ಮೇಲಿನ ಫ್ರೇಮ್, ಪೋಲ್ ಸಂಖ್ಯೆ, ಐಎನ್ ಮೂರೂ ಬ್ರೇಕರ್‌ಗೆ ಹೊಂದಬೇಕು.

ಬ್ರೇಕರ್ ಆಫ್ ಮಾಡಿ, ಟ್ರಿಪ್ ಬಟನ್ ಒತ್ತಿ ಟ್ರಿಪ್ ಸ್ಥಾನಕ್ಕೆ ತನ್ನಿ. ಹೆಚ್ಚಿನ ಮಾದರಿಗಳು ಕವರ್ ತೆಗೆಯುವಾಗ ಈ ಸ್ಥಾನವನ್ನೇ ಬೇಡುತ್ತವೆ. ಶಂಟ್ ಟ್ರಿಪ್ (ದೂರದಿಂದ ಟ್ರಿಪ್ ಮಾಡುವ ಕಾಯಿಲ್), ಆಕ್ಸಿಲರಿ ಸ್ವಿಚ್ (ಬ್ರೇಕರ್ ಸ್ಥಿತಿ ತಿಳಿಸುವ ಸ್ವಿಚ್) ವೈರ್‌ಗಳಿಗೆ ಗುರುತು ಹಾಕಿ ಬಿಡಿಸಿ. ಹಳೆಯ ಯೂನಿಟ್ ತೆಗೆದ ಮೇಲೆ ಕೂರುವ ಸಂಪರ್ಕ ಮುಖಗಳನ್ನು ನೋಡಿ. ಬಣ್ಣ ಕಂದಿದ್ದರೆ, ಗುಳಿ ಬಿದ್ದಿದ್ದರೆ ಹೊಸ ಯೂನಿಟ್ ಹಾಕಿ ಪ್ರಯೋಜನವಿಲ್ಲ, ಬ್ರೇಕರ್ ಬದಲಿಸಬೇಕು. ಮಂಗಳೂರಿನಂಥ ಕರಾವಳಿಯಲ್ಲಿ ಉಪ್ಪಿನ ಗಾಳಿಯ ಹಸಿರು ಪಾಚಿನಂಥ ತುಕ್ಕನ್ನು ವಿಶೇಷವಾಗಿ ಹುಡುಕಿ. ಮರಳು ಕಾಗದದಿಂದ ಉಜ್ಜಬೇಡಿ, ಬೆಳ್ಳಿ ಲೇಪ ಹೋಗುತ್ತದೆ.

ಹೊಸ ಯೂನಿಟನ್ನು ಅಂಚಿನಲ್ಲಿ ಹಿಡಿಯಿರಿ, ಪಿನ್ ಮುಟ್ಟಬೇಡಿ. ನೇರವಾಗಿ ಒತ್ತಿ ಕೂರಿಸಿ, ಅಡ್ಡ ಆದರೆ ಪಿನ್ ಬಾಗುತ್ತದೆ. ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಿಂದ ಕೈಪಿಡಿಯ ನ್ಯೂಟನ್-ಮೀಟರ್‌ಗೆ ಬಿಗಿಯಿರಿ. ಕೈ ಅಂದಾಜು ಇಲ್ಲಿ ನಡೆಯದು: ಸಡಿಲ ಸ್ಕ್ರೂ ಬಿಸಿಯಾಗುತ್ತದೆ, ಬೈಮೆಟಲ್ ಆ ಬಿಸಿಯನ್ನು ಓವರ್‌ಲೋಡ್ ಎಂದು ತಿಳಿಯುತ್ತದೆ. ಬಿಗಿದ ಮೇಲೆ ಪೇಂಟ್ ಮಾರ್ಕರ್‌ನಿಂದ ಗೆರೆ ಎಳೆದಿಡಿ.

ಎಸಿಬಿಯಲ್ಲಿ ಯೂನಿಟ್ ಜೊತೆ ರೇಟಿಂಗ್ ಪ್ಲಗ್ (ಐಎನ್ ಎಷ್ಟೆಂದು ಯೂನಿಟ್‌ಗೆ ತಿಳಿಸುವ ತುಂಡು) ಬರುತ್ತದೆ. ಪ್ಲಗ್ ಮೇಲಿನ ಅಂಕಿ ಸೆನ್ಸರ್‌ಗೆ ಹೊಂದಬೇಕು. ತಪ್ಪು ಪ್ಲಗ್ ಕೂತರೆ ಎಲ್ಲ ಡಯಲ್‌ಗಳ ಅರ್ಥವೂ ಒಟ್ಟಿಗೆ ಕೆಡುತ್ತದೆ. ಮೂರು ಪೋಲ್ ಎಸಿಬಿ, ನಾಲ್ಕು ವೈರ್ ವ್ಯವಸ್ಥೆ ಇದ್ದಲ್ಲಿ ನ್ಯೂಟ್ರಲ್ ಬಾರ್ ಮೇಲೆ ಹೊರಗಿನ ಸಿಟಿ (ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಬೇಕೇ ಬೇಕು. ಅದು ಇಲ್ಲದಿದ್ದರೆ ಮಾಮೂಲಿ ನ್ಯೂಟ್ರಲ್ ಕರೆಂಟೇ ಅರ್ತ್ ಫಾಲ್ಟ್‌ನಂತೆ ಕಾಣುತ್ತದೆ. ತಿರುಗಾಮುರುಗಾ ಹಾಕಿದರೆ ಎರಡು ಪಟ್ಟಾಗಿ ಕಾಣುತ್ತದೆ. ಲೋಡ್ ಏರಿದಾಗಲೆಲ್ಲ ಜಿ ಎಂದು ಟ್ರಿಪ್ ಆಗುತ್ತಿದ್ದರೆ, ಡಯಲ್ ಮುಟ್ಟುವ ಮುನ್ನ ಸಿಟಿಯ ದಿಕ್ಕು ನೋಡಿ. ಆಮೇಲೆ ನ್ಯೂಟ್ರಲ್ ಎರಡು ಕಡೆ ಅರ್ತ್ ಆಗಿದೆಯೇ ನೋಡಿ. ಡಿಜಿಯ ನ್ಯೂಟ್ರಲ್ಲೂ ಅರ್ತ್ ಆಗಿದ್ದು ಚೇಂಜ್‌ಓವರ್ ಮೂರು ಪೋಲ್‌ನದಾಗಿದ್ದರೆ ನ್ಯೂಟ್ರಲ್ ಕರೆಂಟ್ ಭೂಮಿಯ ದಾರಿ ಹಿಡಿಯುತ್ತದೆ.

ಡಯಲ್ ತಿರುಗಿಸುವಾಗ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬಳಸಿ, ಕ್ಲಿಕ್ ಆಗುವ ಸ್ಥಾನದಲ್ಲೇ ನಿಲ್ಲಿಸಿ. ಎರಡು ಅಂಕಿಗಳ ನಡುವೆ ನಿಂತ ಡಯಲ್ ಯಾವುದನ್ನು ಓದುತ್ತದೆಂದು ಹೇಳಲಾಗದು.

ಪರೀಕ್ಷೆ

ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವುದಾದರೆ ಎಲೆಕ್ಟ್ರಾನಿಕ್ ಯೂನಿಟ್‌ನ ವೋಲ್ಟೇಜ್ ಸಂಪರ್ಕ, ಅಂಡರ್‌ವೋಲ್ಟೇಜ್ ಕಾಯಿಲ್, ಮೀಟರ್‌ಗಳನ್ನು ಕೈಪಿಡಿ ಹೇಳಿದಂತೆ ಬಿಡಿಸಿ. ಇಲ್ಲದಿದ್ದರೆ ಹೊಸ ಯೂನಿಟ್ ಅಲ್ಲೇ ಸಾಯುತ್ತದೆ.

ಸೆಕೆಂಡರಿ ಇಂಜೆಕ್ಷನ್‌ನಲ್ಲಿ ತಯಾರಕರ ಟೆಸ್ಟ್ ಕಿಟ್ಟನ್ನು ಯೂನಿಟ್‌ನ ಸಾಕೆಟ್‌ಗೆ ಹಾಕಿ ಎಲೆಕ್ಟ್ರಾನಿಕ್ಸ್ ಮತ್ತು ಟ್ರಿಪ್ ಕಾಯಿಲ್ ಕೆಲಸ ಮಾಡುತ್ತವೆಯೇ ಎಂದು ನೋಡುತ್ತೇವೆ. ಸಿಟಿಯೂ ಸೇರಿ ಎಲ್ಲವನ್ನೂ ಪರೀಕ್ಷಿಸುವುದು ಪ್ರೈಮರಿ ಇಂಜೆಕ್ಷನ್ ಮಾತ್ರ, ಹೊಸ ಎಸಿಬಿಗೆ ಇದನ್ನು ತಪ್ಪಿಸಬೇಡಿ. ಒಂದೊಂದೇ ಪೋಲ್‌ಗೆ ಕರೆಂಟ್ ಕೊಟ್ಟರೆ ಯೂನಿಟ್ ಅದನ್ನು ಅರ್ತ್ ಫಾಲ್ಟ್ ಎಂದು ತಿಳಿದು ಜಿಯಲ್ಲೇ ಟ್ರಿಪ್ ಆಗುತ್ತದೆ. ಹಾಗಾಗಿ ಎರಡು ಪೋಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವಂತೆ ಮಾಡಿ, ಮೊತ್ತ ಸೊನ್ನೆಯಾಗುತ್ತದೆ. ಜಿಯನ್ನು ಆಫ್ ಮಾಡಿ ಪರೀಕ್ಷಿಸಿದರೆ ಮತ್ತೆ ಆನ್ ಮಾಡುವುದನ್ನು ಇನ್ನೊಬ್ಬರಿಂದ ನೋಡಿಸಿ ಸಹಿ ಹಾಕಿಸಿ.

ಎಲ್ ರಕ್ಷಣೆಯ ಟಿಆರ್ ಹೆಚ್ಚಾಗಿ 6 × ಐಆರ್‌ಗೆ ಅಚ್ಚಾಗಿರುತ್ತದೆಂದು 6 ಪಟ್ಟು ಕರೆಂಟ್ ಕೊಟ್ಟರೆ ನಮ್ಮ ಫೀಡರ್ 0.1 ಸೆಕೆಂಡ್‌ನಲ್ಲೇ ಹಾರುತ್ತದೆ, ಏಕೆಂದರೆ ಐಎಸ್‌ಡಿ 5ರಲ್ಲಿದೆ. ಯೂನಿಟ್ ಕೆಟ್ಟಿದೆ ಎಂದು ಮರಳಿಸಬೇಡಿ. 3 ಪಟ್ಟು, ಅಂದರೆ 600 ಆಂಪಿಯರ್ ಕೊಡಿ. ಟಿಆರ್ 8 ಸೆಕೆಂಡ್ ಇದ್ದು ಯೂನಿಟ್ ಐ-ಸ್ಕ್ವೇರ್-ಟಿ (ಕರೆಂಟ್‌ನ ವರ್ಗ × ಸಮಯ ಬದಲಾಗದ) ನಿಯಮದ್ದಾಗಿದ್ದರೆ 8 × 36 ÷ 9 = 32 ಸೆಕೆಂಡ್ ಆಸುಪಾಸಿನಲ್ಲಿ ಟ್ರಿಪ್ ಆಗಬೇಕು, ನಿಖರ ಪಟ್ಟಿಯನ್ನು ತಯಾರಕರ ಕರ್ವ್‌ನಲ್ಲಿ ನೋಡಿ. ಎರಡನೇ ಸಲ ಬೇಗ ಟ್ರಿಪ್ ಆದರೆ ಅದು ಥರ್ಮಲ್ ಮೆಮರಿ, ಅಂದರೆ ಹಿಂದಿನ ಬಿಸಿಯನ್ನು ಯೂನಿಟ್ ನೆನಪಿಟ್ಟಿರುವುದು, ತಣಿಯಲು ಬಿಟ್ಟು ಅಥವಾ ರಿಸೆಟ್ ಮಾಡಿ ಮತ್ತೆ ನೋಡಿ. ಐಎಸ್/ಐಇಸಿ 60947-2 ಪ್ರಕಾರ 63 ಆಂಪಿಯರ್‌ಗಿಂತ ದೊಡ್ಡ ಬ್ರೇಕರ್ 1.05 ಪಟ್ಟಿಗೆ ಎರಡು ಗಂಟೆ ಟ್ರಿಪ್ ಆಗಬಾರದು, 1.30 ಪಟ್ಟಿಗೆ ಎರಡು ಗಂಟೆಯೊಳಗೆ ಆಗಲೇಬೇಕು. 205 ಆಂಪಿಯರ್‌ಗೆ ಟ್ರಿಪ್ ಆಗಲಿಲ್ಲವೆಂದು ಗಾಬರಿಯಾಗುವುದು ಬೇಡ.

ಚಾರ್ಜ್ ಮಾಡುವುದು, ಆಮೇಲೆ ಟ್ರಿಪ್ ಆದರೆ

ಉಪಕರಣ ಲೆಕ್ಕ ಹಾಕಿ ಹೊರತೆಗೆಯಿರಿ, ಬಾಗಿಲು ಮುಚ್ಚಿ, ಸಾಧ್ಯವಿದ್ದರೆ ದೂರದಿಂದ ಆನ್ ಮಾಡಿ. ಬಾಗಿಲ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಮೊದಲು ಲೋಡ್ ಇಲ್ಲದೆ, ಆಮೇಲೆ ಒಂದೊಂದಾಗಿ ಲೋಡ್. ಸಿಟಿಯಿಂದಲೇ ಶಕ್ತಿ ಪಡೆಯುವ ಯೂನಿಟ್‌ನ ಡಿಸ್‌ಪ್ಲೇ ಕಡಿಮೆ ಲೋಡ್‌ನಲ್ಲಿ ಕಪ್ಪಗಿರುವುದು ಸಹಜ. ಅದು ತೋರಿಸುವ ಮೂರು ಫೇಸ್‌ಗಳ ಕರೆಂಟನ್ನು ಕ್ಲಾಂಪ್ ಮೀಟರ್ ಜೊತೆ ಹೋಲಿಸಿ. ಪೂರ್ಣ ಲೋಡ್ ಬಂದ ಮೇಲೆ ಒಂದು ಬಾರಿ ಥರ್ಮಲ್ ಕ್ಯಾಮೆರಾ ಹಿಡಿಯಿರಿ. ಸೆಟ್ಟಿಂಗ್ ಪಟ್ಟಿಯ ಒಂದು ಪ್ರತಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ, ಡಯಲ್ ಕವರ್‌ಗೆ ಸೀಲ್ ಹಾಕಿ.

ಮುಂದೆ ಟ್ರಿಪ್ ಆದಾಗ ಮೊದಲು ಯಾವ ದೀಪ ಹೊತ್ತಿದೆ ನೋಡಿ ಬರೆದುಕೊಳ್ಳಿ, ರಿಸೆಟ್ ಆಮೇಲೆ. ದೀಪ ಉಳಿಸುವ ಬ್ಯಾಟರಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿರಬೇಕು. ಎಲ್ ಎಂದಿದ್ದರೆ ಲೋಡ್ ಅಳೆಯಿರಿ, ಲಗ್ ಬಿಸಿ ನೋಡಿ. ಎಸ್ ಅಥವಾ ಐ ಎಂದಿದ್ದರೆ ಕೇಬಲ್ ಮತ್ತು ಮೋಟಾರ್‌ಗೆ ಮೆಗ್ಗರ್ ಹಾಕದೆ ಮತ್ತೆ ಆನ್ ಮಾಡಲೇಬೇಡಿ. ಶಾರ್ಟ್ ಸರ್ಕ್ಯೂಟ್ ಕಡಿದ ಬ್ರೇಕರ್‌ನ ಆರ್ಕ್ ಚೂಟ್ (ಆರ್ಕ್ ಆರಿಸುವ ಭಾಗ) ಮತ್ತು ಕಾಂಟ್ಯಾಕ್ಟ್ ತೆಗೆದು ನೋಡಿ, ಮೂರೂ ಪೋಲ್‌ಗಳ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಅಳೆಯಿರಿ. ಒಂದು ಪೋಲ್ ಉಳಿದೆರಡಕ್ಕಿಂತ ತೀರಾ ಹೆಚ್ಚು ತೋರಿಸಿದರೆ ಆ ಬ್ರೇಕರ್ ಮತ್ತೆ ಸೇವೆಗೆ ಹೋಗಬಾರದು.